ಖಾಲಿ ಸ್ಥಾನಕ್ಕೆ ಯಾರು?



ಸರಕಾರಿ ಶಾಲೆಯ ಮೇಲ್ವಿಚಾರಣೆಯಲ್ಲಿ ಪೋಷಕರೂ ಇರಬೇಕೆಂದು ಕರ್ನಾಟಕದಲ್ಲಿ 2001ರಲ್ಲಿ ಎಸ್‌ಡಿಎಂಸಿಗಳು ರಚನೆಯಾದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇಂಥ ಸಮಿತಿಗೆ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅನುದಾನದ ಬಳಕೆ ಗಮನಿಸುವುದು, ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು ಅದರ ಹೊಣೆ.

ನಾನು ಹಿಂದೆ ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಒಂದು ಸ್ಥಾನ ಖಾಲಿಯಾಯಿತು. "ಓದು ಬರಹ ಬಲ್ಲ ದೊಡ್ಡವರನ್ನು ಹಾಕಿ" ಎಂದರು ಕೆಲವರು. ಆ ದೊಡ್ಡವರ ಮಕ್ಕಳು ಓದುತ್ತಿದ್ದುದು ಕಾನ್ವೆಂಟಿನಲ್ಲಿ! ಕೊನೆಗೆ ಪೋಷಕರ ಸಭೆ ನಾರಿನ ಕಾರ್ಖಾನೆಗೆ ಕೂಲಿಗೆ ಹೋಗುವ ತಾಯಿಯೊಬ್ಬರನ್ನು ಆರಿಸಿತು. ಮೊದಲ ದಿನ ನಡಾವಳಿ ಪುಸ್ತಕ ಮುಂದಿಟ್ಟು, "ಸಹಿ ಹಾಕಮ್ಮ" ಎಂದೆ. "ಏನು ಬರ್ದಿದ್ದೀರಿ, ಮೊದ್ಲು ಓದಿ ಹೇಳಿ ಮೇಷ್ಟ್ರೇ" ಎಂದರು. ಓದಿದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲದ ಮಾತೇ ಅದರಲ್ಲಿರಲಿಲ್ಲ. ಬರೆದವನು ನಾನೇ, ನನಗೆ ನಾಚಿಕೆಯಾಯಿತು. ಆ ತಾಯಿ ಅಂದೇ ಅದನ್ನು ಬರೆಸಿದರು.

ನಮ್ಮ ಮಾಯಸಂದ್ರದ ಕಡೆ ಅಟ್ಟದ ಕಾಯಿ ಕೊಬ್ಬರಿಯಾಯಿತೇ ಎಂದು ಅಲ್ಲಾಡಿಸಿ ನೋಡುತ್ತೇವೆ. ಸಮಿತಿಗೆ ಸದಸ್ಯರನ್ನು ಆರಿಸುವಾಗ ಮಾತ್ರ ಹೆಸರು ನೋಡಿ ಸುಮ್ಮನಾಗುತ್ತೇವೆ. ಇನ್ನು ಮುಂದೆ ಸ್ಥಾನ ಖಾಲಿಯಾದಾಗ, "ಇವರು ಪ್ರಶ್ನೆ ಕೇಳುತ್ತಾರೆಯೇ?" ಎಂದು ನೋಡೋಣ. ಕನ್ನಡ ಓದಲು ಬಾರದ ತಾಯಂದಿರಿಗೆ ನಡಾವಳಿಯನ್ನು ಉರ್ದುವಿನಲ್ಲಿ ತಿಳಿಸಿ ಹೇಳುವ ಕೆಲಸವನ್ನು ನಮ್ಮ ಸಂಘ ವಹಿಸಿಕೊಳ್ಳಲಿ. ವಿದ್ಯಾರ್ಥಿಗಳೇ, ಆ ಕೆಲಸ ನಿಮ್ಮ ಮನೆಯಿಂದಲೇ ಶುರುವಾಗಲಿ.