ಮತ ಕೇಳುವವರ ಮತವೇನು?

ತರಗತಿಯಲ್ಲಿ ನಾನಾರ್ಥ ಪದಗಳನ್ನು ಬರೆಸುವಾಗ ‘ಮತ’ ಎಂಬ ಶಬ್ದವನ್ನು ಕೊಟ್ಟರೆ ಹುಡುಗರು ತಡಮಾಡದೆ ಎರಡು ಅರ್ಥ ಬರೆಯುತ್ತಾರೆ: ಒಂದು ಧರ್ಮ, ಇನ್ನೊಂದು ಓಟು. ಮೂರನೆಯದು ಅವರಿಗೆ ಹೊಳೆಯುವುದೇ ಅಪರೂಪ. ಮತವೆಂದರೆ ಅಭಿಪ್ರಾಯ, ವಿಚಾರಮಾಡಿ ತಳೆದ ನಿಲವು. ಹುಡುಗರು ಮರೆತರೆ ಕೆಂಪು ಶಾಯಿಯಲ್ಲಿ ತಿದ್ದಬಹುದು. ಪುರಸಭೆಯ ಚುನಾವಣೆ ಬಂದಾಗ ದೊಡ್ಡವರಾದ ನಾವೂ ಅದನ್ನೇ ಮರೆಯುತ್ತೇವಲ್ಲ, ನಮ್ಮನ್ನು ತಿದ್ದುವವರು ಯಾರು? ನಮ್ಮ ಮತ ಕೇಳಲು ಬಂದವರನ್ನು, “ಸ್ವಾಮಿ, ಈ ಊರಿನ ವಿಚಾರದಲ್ಲಿ ನಿಮ್ಮ ಮತವೇನು?” ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ನಿಮ್ಮೊಡನೆ ನಾನು ಆಡಬೇಕೆಂದಿರುವುದು ಇದೊಂದೇ ಮಾತು.

ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಹಿಂದಿನ ಒಂದು ಚುನಾವಣೆಯಲ್ಲಿ ನಮ್ಮ ಮನೆಯ ಜಗುಲಿಗೆ ಮೂವರು ಅಭ್ಯರ್ಥಿಗಳು ಬಂದರು. ನಮ್ಮ ಬೀದಿಗೆ ಆಗ ನಾಲ್ಕು ದಿನಕ್ಕೊಮ್ಮೆ ನಲ್ಲಿಯ ನೀರು. ಮೊದಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಕಾಲಿಗೆರಗಿ, “ಮೇಷ್ಟ್ರೇ, ನಿಮ್ಮ ಆಶೀರ್ವಾದವಿದ್ದರೆ ಸಾಕು” ಎಂದ. ನೀರಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡನೆಯವರು, “ದಿನವೂ ನೀರು ಬಿಡಿಸುತ್ತೇನೆ, ಒಂದು ಕಾಸು ಹೆಚ್ಚು ಕರ ಹಾಕಿಸುವುದಿಲ್ಲ” ಎಂದರು. ಮೂರನೆಯವರು ಸೈಕಲ್ ರಿಪೇರಿ ಅಂಗಡಿಯವರು. ಅವರು ನಿಂತುಕೊಂಡೇ ಹೇಳಿದರು: “ಮೇಷ್ಟ್ರೇ, ಹಳೇ ಪೈಪು ಎಲ್ಲೆಲ್ಲೋ ಸೋರುತ್ತಿದೆ. ಅದನ್ನ ಬದಲಾಯಿಸದೆ ನೀರು ಹೆಚ್ಚೋದಿಲ್ಲ. ಬದಲಾಯಿಸೋಕೆ ದುಡ್ಡು ಬೇಕು. ಕರದ ಬಾಕಿ ಮೊದಲು ವಸೂಲಾಗಬೇಕು. ನಿಮ್ಮ ಬೀದೀಲೂ ಬಾಕಿ ಇದೆ.”

ಆ ಬಾಕಿಯಲ್ಲಿ ಎರಡು ವರ್ಷದ್ದು ನನ್ನದೇ. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ, ನನಗಂತೂ ಮುಖಕ್ಕೆ ಹೊಡೆದಂತಾಯಿತು. ಓಟನ್ನು ಕಾಲಿಗೆರಗಿದವನಿಗೆ ಹಾಕಿದೆ. ಬೀದಿಯವರೂ ಹಾಗೆಯೇ ಮಾಡಿದರೆಂದು ತೋರುತ್ತದೆ. ಅವನು ಗೆದ್ದ, ಸೈಕಲ್ ಅಂಗಡಿಯವರು ಸೋತರು. ನೀರು ಮಾತ್ರ ನಾಲ್ಕು ದಿನಕ್ಕೊಮ್ಮೆಯೇ ಬರುತ್ತಿತ್ತು. ನನ್ನ ಶಿಷ್ಯನನ್ನು ದೂರಲಾರೆ. ನಾನು ಕೇಳದೆ ಇದ್ದುದನ್ನು ಅವನು ಮಾಡಲಿಲ್ಲ, ಅಷ್ಟೆ. ನಿಜ ನುಡಿದವರನ್ನು ಸೋಲಿಸಿದವರಲ್ಲಿ ನಾನೂ ಒಬ್ಬ ಎಂಬುದು ಈಗಲೂ ಮನಸ್ಸನ್ನು ಚುಚ್ಚುತ್ತದೆ.

ಲೆಕ್ಕ ಕೇಳುವುದು ಈ ನಾಡಿಗೆ ಹೊಸದೇನೂ ಅಲ್ಲ. ನೆರೆಯ ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳರ ಪರಾಂತಕನ ಕಾಲದ, ಎಂದರೆ ಹತ್ತನೆಯ ಶತಮಾನದ ಆದಿಭಾಗದ ಶಾಸನಗಳಿವೆ. ಊರಿನ ಮೂವತ್ತು ಭಾಗಗಳಿಂದ ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು, ಕೊಡದೊಳಗೆ ಹಾಕಿ, ಎಳೆಯ ಹುಡುಗನೊಬ್ಬನಿಂದ ಎತ್ತಿಸುತ್ತಿದ್ದರಂತೆ. ಅದರ ಹೆಸರು ‘ಕುಡವೋಲೈ’. ನಮ್ಮ ಕೊಡ, ನಮ್ಮ ಓಲೆ ಎರಡೂ ಅದರಲ್ಲಿವೆ. ಹಾಗೆ ಆಯ್ಕೆಯಾದವರು ಕೆರೆಯನ್ನೂ ತೋಟವನ್ನೂ ನೋಡಿಕೊಳ್ಳಬೇಕು. ಮೊದಲು ಇಂಥ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡದೊಳಗೆ ಬೀಳುವಂತಿಲ್ಲ; ಅವನ ಹತ್ತಿರದ ಬಂಧುಗಳ ಹೆಸರೂ ಬೀಳುವಂತಿಲ್ಲ. ಅದು ಅಗ್ರಹಾರದ ಸಭೆ. ಹೆಂಗಸರಿಗಾಗಲಿ ಉಳಿದ ಜನರಿಗಾಗಲಿ ಅಲ್ಲಿ ಎಡೆಯಿರಲಿಲ್ಲ ಎಂಬುದನ್ನು ಮರೆಯಬಾರದು. ಇಂದು ವಯಸ್ಸಿಗೆ ಬಂದವರೆಲ್ಲರಿಗೂ ಓಟಿದೆ. ಪುರಸಭೆಯ ಸ್ಥಾನಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದಷ್ಟು ಮಹಿಳೆಯರಿಗೆ ಮೀಸಲು. ನಮ್ಮ ಬಾಗಿಲು ದೊಡ್ಡದಾಯಿತು, ಸಂತೋಷ. ಆದರೆ ಲೆಕ್ಕ ಕೇಳುವ ರೂಢಿ ಆ ಬಾಗಿಲಿನಿಂದ ಹೊರಕ್ಕೆ ಹೋಗಿಬಿಟ್ಟಿತೆ?

ಏನನ್ನು ಕೇಳಬೇಕು? ಪುರಸಭೆಯ ಕೈಯಲ್ಲಿರುವುದನ್ನು ಕೇಳಬೇಕು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿತು. ನಗರಸಭೆ ಪುರಸಭೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿ ಅದು: ನೀರು, ರಸ್ತೆ, ನೈರ್ಮಲ್ಯ, ಬೀದಿ ದೀಪ, ಉದ್ಯಾನ, ಆಟದ ಬಯಲು, ಸ್ಮಶಾನ, ಜನನ ಮರಣಗಳ ದಾಖಲೆ ಮೊದಲಾದವು. ತೊಟ್ಟಿಲಿನಿಂದ ಚಟ್ಟದವರೆಗೆ ನಮಗೆ ಬೇಕಾದುದು ಅದರಲ್ಲಿದೆ. ಅಭ್ಯರ್ಥಿಯು ದೇಶದ ಗಡಿಯ ವಿಚಾರ ಹೇಳಹೊರಟರೆ, ನಮ್ಮ ಚರಂಡಿಯ ಕಡೆಗೆ ಮೆಲ್ಲನೆ ಕೈತೋರಿಸಬಹುದು.

ಮೂರು ಪ್ರಶ್ನೆಗಳನ್ನು ಸೂಚಿಸುತ್ತೇನೆ. ಮೊದಲನೆಯದು ನೀರಿನದು, ಇದನ್ನು ಮನೆಯ ಗೃಹಿಣಿಯೇ ಕೇಳಲಿ. ಒಳಚರಂಡಿಯಿರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರು ನೀರು ಎಂಬುದು ಯೋಜನೆ ಹಾಕುವವರು ಹಿಡಿಯುವ ಲೆಕ್ಕ. ಐದು ಜನರ ಸಂಸಾರಕ್ಕೆ 675 ಲೀಟರಾಯಿತು. 15 ಲೀಟರಿನ ಕೊಡದಲ್ಲಿ 45 ಕೊಡ. “ನಮಗೆ ಬರುತ್ತಿರುವುದು ಇಷ್ಟು ಕೊಡ. ಉಳಿದದ್ದು ಎಲ್ಲಿಂದ ತರುತ್ತೀರಿ? ಅದಕ್ಕೆ ಹಣ ಯಾವುದು?” ಎನ್ನಲಿ. ‘ದಿನವೂ ನೀರು’ ಎಂದು ಹೇಳುವುದು ಸುಲಭ. ಕೊಡದ ಲೆಕ್ಕಕ್ಕೆ ಉತ್ತರ ಹೇಳುವುದು ಸುಲಭವಲ್ಲ.

ಎರಡನೆಯದು ಕಸದ್ದು. ಹಸಿ ಕಸ, ಒಣ ಕಸ, ಮನೆಯ ಅಪಾಯಕರ ಕಸ ಇವನ್ನು ಬೇರೆಬೇರೆ ಮಾಡಿಕೊಡುವ ಹೊಣೆಯನ್ನು 2016ರ ನಿಯಮಗಳು ನಮ್ಮ ಮೇಲೆಯೇ ಹೊರಿಸಿದವು. ನಾವು ಬೇರ್ಪಡಿಸಿ ಕೊಟ್ಟದ್ದು ಗಾಡಿಯಲ್ಲಿ ಮತ್ತೆ ಒಂದಾದರೆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕಸ ಕೊನೆಗೆ ಹೋಗಿ ಬೀಳುವುದು ಎಲ್ಲಿ? ಯಾರ ಹೊಲದ ಪಕ್ಕದಲ್ಲಿ? ಅದನ್ನು ಎತ್ತುವ ಪೌರಕಾರ್ಮಿಕರಿಗೆ ಕೈಗವಸು ಉಂಟೆ, ಸಂಬಳ ತಿಂಗಳು ತಿಂಗಳಿಗೆ ಸಲ್ಲುತ್ತದೆಯೆ? ಈ ವಿಚಾರದಲ್ಲಿ ಅಭ್ಯರ್ಥಿಯ ಮತ ತಿಳಿದರೆ ಅವರ ಮನಸ್ಸೂ ತಿಳಿದಂತೆಯೇ.

ಮೂರನೆಯದು ಕರದ್ದು. “ಕರ ಏರಿಸುವುದಿಲ್ಲ” ಎಂದವರನ್ನು, “ಹಾಗಾದರೆ ಯಾವ ಕೆಲಸ ಬಿಡುತ್ತೀರಿ?” ಎಂದು ಕೇಳಿ. “ಏರಿಸುತ್ತೇವೆ” ಎಂದವರನ್ನು, “ಏತಕ್ಕೆ ವೆಚ್ಚಮಾಡುತ್ತೀರಿ?” ಎಂದು ಕೇಳಿ. ಬೈಯಬೇಡಿ; ಹಾಗೆ ಹೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಕೇಳುವ ಮೊದಲು ಮಾತ್ರ ನಮ್ಮ ಮನೆಯ ರಸೀತಿಯನ್ನು ಒಮ್ಮೆ ನೋಡಿಕೊಳ್ಳುವುದು ಲೇಸು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಒಬ್ಬ ಸದಸ್ಯ ತಾನೊಬ್ಬನೇ ಏನನ್ನೂ ಮಾಡಲಾರ. ಸಭೆಯಲ್ಲಿ ನಿರ್ಣಯವಾಗಬೇಕು, ಅಧಿಕಾರಿಗಳು ಜಾರಿಗೆ ತರಬೇಕು. ಆದಕಾರಣ “ಮಾಡಿಸುತ್ತೇನೆ” ಎಂಬ ಮಾತಿಗಿಂತ “ಸಭೆಯಲ್ಲಿ ಈ ಪಕ್ಷ ಹಿಡಿಯುತ್ತೇನೆ” ಎಂಬ ಮಾತು ಹೆಚ್ಚು ಬೆಲೆಯುಳ್ಳದ್ದು. ಅವರು ಕೊಟ್ಟ ಉತ್ತರವನ್ನು ಗೋಡೆಯ ಪಂಚಾಂಗದ ಬೆನ್ನ ಮೇಲೆ ತಾರೀಖು ಸಹಿತ ಬರೆದಿಡಿ. ವರ್ಷ ಕಳೆದು ಹೊಸ ಪಂಚಾಂಗ ತೂಗುಹಾಕುವ ದಿನ, ಹಳೆಯದನ್ನು ಎಸೆಯುವ ಮುನ್ನ ತಿರುಗಿಸಿ ಓದಿ.

ನಾನು ಬಾಕಿ ಕಟ್ಟಿದೆ. ಸೈಕಲ್ ಅಂಗಡಿಯವರು ಮತ್ತೆ ಚುನಾವಣೆಗೆ ನಿಲ್ಲುವರೋ ಇಲ್ಲವೋ ಕಾಣೆ. ನಿಂತು ನಮ್ಮ ಜಗುಲಿಗೆ ಬಂದರೆ, ಈ ಸಲ ಅವರನ್ನು ಕುಳ್ಳಿರಿಸಿ ಕೇಳುತ್ತೇನೆ. ನಿಮ್ಮ ಮನೆಯ ಬಾಗಿಲಿಗೂ ಯಾರಾದರೂ ಬರುತ್ತಾರೆ. ಕೈಮುಗಿದವರಿಗೆ ಕೈಮುಗಿಯಿರಿ. ಆಮೇಲೆ, ಅವರು ಹೊರಡುವ ಮೊದಲು, ಒಂದು ಪ್ರಶ್ನೆಯನ್ನಾದರೂ ಕೇಳಿ.