ಹೋಬಳಿಗೊಂದು ಶಾಲೆ

ಊರಿನ ಸರ್ಕಾರಿ ಶಾಲೆಯು ಅನಾದಿಯಿಂದಲೂ ಇದ್ದಿತೆಂಬ ಭಾವನೆ ನಮ್ಮಲ್ಲಿ ಹಲವರಿಗೆ ಉಂಟು. ಆದರೆ ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆಯು ಸ್ಥಾಪಿತವಾದುದೇ 1857ರಲ್ಲಿ. ಅದಕ್ಕೆ ಮುನ್ನ ಇದ್ದುದು ಕೂಲಿಮಠ. ದೇವಾಲಯದ ಕೈಸಾಲೆಯಲ್ಲಿಯೋ ಯಾರದೋ ಮನೆಯ ಜಗಲಿಯಲ್ಲಿಯೋ ಐಗಳು ಕುಳಿತಿರಲು, ಹುಡುಗರು ನೆಲದ ಮೇಲೆ ಮರಳನ್ನು ಹರಡಿ, ತೋರುಬೆರಳು ಸವೆಯುವಂತೆ ಅಕ್ಷರಗಳನ್ನು ತಿದ್ದಿ, ಸಂಜೆ ಸಾಲಾಗಿ ನಿಂತು ಒಕ್ಕೊರಲಿನಿಂದ ಮಗ್ಗಿಯನ್ನೊಪ್ಪಿಸಿ ಮನೆ ಸೇರುತ್ತಿದ್ದರು. ತಪ್ಪಿದವನಿಗೆ ಕೋದಂಡವೂ ಕಾದಿರುತ್ತಿದ್ದಿತು. ಆ ಶಿಕ್ಷೆಯನ್ನು ಹಿರಿಯರು ನಗುತ್ತಲೇ ಸ್ಮರಿಸುವರಾದರೂ ಅನುಭವಿಸಿದಾಗ ನಕ್ಕಿರಲಾರರು.

ನಮ್ಮ ಶಿಲಾಶಾಸನಗಳನ್ನು ಸಂಗ್ರಹಿಸಿ ಮಹೋಪಕಾರ ಮಾಡಿದ ಬಿ. ಎಲ್. ರೈಸ್ ಮಹಾಶಯರು 1868ರಲ್ಲಿ ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಹಳೆಯ ಐಗಳನ್ನು ತಿರಸ್ಕರಿಸದೆ, ಅವರಲ್ಲಿ ಯೋಗ್ಯರಾದವರಿಗೆ ತರಬೇತಿಯನ್ನಿತ್ತು ಅಧ್ಯಾಪಕರನ್ನಾಗಿ ನಿಯಮಿಸಬೇಕೆಂದುದು ಆ ಯೋಜನೆಯ ವಿವೇಕವೆಂದು ನನಗೆ ತೋರುತ್ತದೆ.

ಆದರೂ ಶಾಲೆ ತೆರೆದ ಮಾತ್ರಕ್ಕೆ ಅದರ ಬಾಗಿಲು ಸರ್ವರಿಗೂ ತೆರೆಯಲಿಲ್ಲ. ಅಸ್ಪೃಶ್ಯರೆನಿಸಿದವರ ಮಕ್ಕಳು ಬಹುಕಾಲ ಹೊರಗೇ ಉಳಿದರು. 1915ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಜಾತಿಯ ಕಾರಣದಿಂದ ಯಾವ ಮಗುವಿಗೂ ಸರ್ಕಾರಿ ಶಾಲೆಯಲ್ಲಿ ಪ್ರವೇಶವನ್ನು ನಿರಾಕರಿಸಕೂಡದೆಂಬ ಆಜ್ಞೆ ಹೊರಟಾಗ, ಕೆಲವೆಡೆ ಮೇಲ್ಜಾತಿಯ ತಂದೆತಾಯಿಗಳು ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದರು. ಸರ್ಕಾರವು ಆಜ್ಞೆಯನ್ನು ಹಿಂದೆಗೆದುಕೊಳ್ಳಲಿಲ್ಲ.