ಕೃತಕ ವಾರ್ತೆಯೂ ಶ್ರೋತೃವಿನ ಕಿಟಕಿಯೂ



ಕಲ್ಪಿತ ವಾರ್ತೆಯೊಂದನ್ನು ಕೇಳಿಸಿ ಜನಮನದ ಪ್ರತಿಕ್ರಿಯೆಯನ್ನು ಅಳೆಯಬಯಸುವ ಸಂಶೋಧಕನು, ವಾರ್ತೆಯ ಒಕ್ಕಣೆಗೆ ಕೈಹಚ್ಚುವ ಮುನ್ನವೇ, ಅದನ್ನು ಯಾವ ಸ್ಥಳದಲ್ಲಿ ಕೇಳಿಸಬೇಕೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದೆಂಬ ಒಂದೇ ಮಾತನ್ನು ತಮ್ಮ ಮುಂದಿಡಲು ನಿಂತಿದ್ದೇನೆ.

1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ಮತ್ತು ಸಂಗಡಿಗರು ನ್ಯೂಯಾರ್ಕಿನಿಂದ ಬಿತ್ತರಿಸಿದ ಬಾನುಲಿ ರೂಪಕದಲ್ಲಿ, ಎಚ್. ಜಿ. ವೆಲ್ಸರ ಕಾದಂಬರಿಯೊಳಗೆ ಇಂಗ್ಲೆಂಡಿನಲ್ಲಿಳಿದಿದ್ದ ಮಂಗಳಗ್ರಹವಾಸಿಗಳು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ಪುಟ್ಟ ಊರಿಗೆ ಬಂದಿಳಿದರು. ರೂಪಕದ ಕರ್ತೃವು ತಾನೇ ಹೇಳಿಕೊಂಡಂತೆ, ರಸ್ತೆಗಳ ನಕ್ಷೆಯ ಮೇಲೆ ಕಣ್ಣುಮುಚ್ಚಿ ಪೆನ್ಸಿಲನ್ನೂರಿದಾಗ ದೊರೆತ ಊರದು. ವಿಧಿಯ ವಿನೋದವನ್ನು ನೋಡಿ: ಆ ಮೊನೆ ಊರಿದ್ದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಗ್ಗುಲಲ್ಲಿ, ಮನಃಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲರ ಹೊಸ್ತಿಲಲ್ಲೆಂಬಂತೆ. 135 ಮಂದಿಯನ್ನು ಸಂದರ್ಶಿಸಿ ಅವರು 1940ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನನ್ನನ್ನು ಇಂದಿಗೂ ಕಾಡುವುದು ಕಿಟಕಿಯ ಸಂಗತಿ. ಸತ್ಯವನ್ನರಿಯಲೆಂದು ಕಿಟಕಿಯಿಂದ ಇಣಿಕಿದವರಲ್ಲಿ, ಬೀದಿಯ ತುಂಬ ವಾಹನಗಳನ್ನು ಕಂಡವರು ಜನ ಪಲಾಯನಗೈಯುತ್ತಿರುವರೆಂದು ತಿಳಿದರು. ಬೀದಿ ಬರಿದಾಗಿದ್ದುದನ್ನು ಕಂಡವರೋ, ದಾರಿಗಳೇ ನಾಶವಾಗಿರಬೇಕೆಂದರು! ಊರೆಲ್ಲ ಬೆದರಿತೆಂಬ ಅಂದಿನ ಪತ್ರಿಕೆಗಳ ವರ್ಣನೆಯಲ್ಲಿ ಉತ್ಪ್ರೇಕ್ಷೆ ಬಹಳವಿತ್ತೆಂದು ಈಚಿನ ವಿದ್ವಾಂಸರು ತೋರಿಸಿರುವರಾದರೂ, ಬೆದರಿದವರ ಮನೋವ್ಯಾಪಾರವನ್ನು ತಿಳಿಯಲು ಆ ಕಿಟಕಿ ಸಾಕು.

ಇಂಥ ಕಿಟಕಿ ನಮ್ಮ ಉಪನ್ಯಾಸಮಂದಿರದಲ್ಲಿಲ್ಲ. ಕಾಗದಕ್ಕೆ ಸಹಿ ಹಾಕಿ, ಬೆಂಚಿನ ಮೇಲೆ ಕುಳಿತು, ಕೊನೆಗೊಂದು ಚಹದ ನಿರೀಕ್ಷೆಯಲ್ಲಿರುವ ವಿದ್ಯಾರ್ಥಿಯು ವಾರ್ತೆಯನ್ನು ಕೇಳುವುದಿಲ್ಲ, ಪ್ರಶ್ನಪತ್ರಿಕೆಯನ್ನು ಕೇಳುತ್ತಾನೆ.

ಹಾಗೆಂದು ಊರನ್ನೇ ಪ್ರಯೋಗಶಾಲೆಯಾಗಿಸಬಹುದೆ? 1949ರ ಫೆಬ್ರವರಿ 12ರಂದು ಈಕ್ವೆಡಾರಿನ ಕೀಟೊ ನಗರದಲ್ಲಿ ಅದೇ ಕಥೆಯನ್ನು, ನೆರೆಹೊರೆಯ ಊರುಗಳ ಹೆಸರುಗಳನ್ನಿಟ್ಟು, ಬಿತ್ತರಿಸಿದರು. ನಾಟಕವೆಂದು ತಿಳಿದೊಡನೆ ರೊಚ್ಚಿಗೆದ್ದ ಜನಸ್ತೋಮವು ಬಾನುಲಿ ಕೇಂದ್ರವಿದ್ದ ಎಲ್ ಕೊಮೆರ್ಸಿಯೊ ಪತ್ರಿಕೆಯ ಕಟ್ಟಡಕ್ಕೆ ಬೆಂಕಿಯಿಟ್ಟಿತು. ಹಲವರು ಪ್ರಾಣ ತೆತ್ತರು. ಭಯಕ್ಕಿಂತಲೂ ತಾವು ಮೂರ್ಖರಾದೆವೆಂಬ ಅವಮಾನವೇ ಅಲ್ಲಿ ಉರಿಯಿತೆಂದು ನನ್ನ ಎಣಿಕೆ.

ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನಾರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರೆಂಬುದನ್ನು ಇಲ್ಲಿ ನೆನೆಯದಿರಲಾರೆ. ವಾರ್ತೆಯು ಮನೆಯಿಂದ ಹೊರಟು ಮನೆಯನ್ನೇ ಸೇರತಕ್ಕ ವಸ್ತು. ಇಂದಾದರೋ ವಾರ್ತೆಯನ್ನು ತರುವುದೂ, ಅದನ್ನು ಪರಾಂಬರಿಸಲು ನಾವು ಕೈಗೆತ್ತಿಕೊಳ್ಳುವುದೂ ಒಂದೇ ಮೊಬೈಲು. ಆದಕಾರಣ ಪರೀಕ್ಷೆಗೆ ಮನೆಯನ್ನೇ ಆಯ್ದುಕೊಳ್ಳೋಣ. ಆದರೆ ಆ ಮನೆಯವರಿಂದ ತಿಂಗಳಿಗೆ ಮೊದಲೇ ಸಮ್ಮತಿಯನ್ನು ಪಡೆದು, ದಿನವನ್ನು ಮಾತ್ರ ಗೋಪ್ಯವಾಗಿರಿಸಿ, ನೆರೆಮನೆಗೆ ಸುದ್ದಿ ಹಬ್ಬುವ ಮುನ್ನ ನಿಜವನ್ನು ತಿಳಿಸಬಲ್ಲವನೊಬ್ಬನನ್ನು ಅದೇ ಬೀದಿಯಲ್ಲಿ ನಿಲ್ಲಿಸಿದ ಮೇಲೆ.